ಪಂಕ್ತಿಭೇದ

ಬಿಳೇದಿನ್ನಿಯಲ್ಲಿ ಈಗ ಹೆಣ್ಣು ನೋಡಲು ಬಂದವರು ಜಾತಕ ಕೇಳುವುದಿಲ್ಲ, ಎಣಿಕೆ ಕೇಳುತ್ತಾರೆ. ಅವಲಕ್ಕಿ ತಟ್ಟೆ ಮುಂದಿಟ್ಟು, ಚಹಾ ಕೊಟ್ಟು, ಹುಡುಗಿ ಬಂದು ತಲೆ ತಗ್ಗಿಸಿ ಕುಳಿತ ಮೇಲೆ ಗಂಡಿನ ಕಡೆಯ ಹಿರಿಯನೊಬ್ಬ ಗಂಟಲು ಸರಿಮಾಡಿಕೊಂಡು, "ಮತ್ತ... ಹುಡುಗೀದು ಎಷ್ಟೈತ್ರಿ?" ಎನ್ನುತ್ತಾನೆ. ಎಷ್ಟು ಓದಿದ್ದಾಳೆ ಎಂದಲ್ಲ, ಮೈಮೇಲೆ ಎಷ್ಟು ಬಂಗಾರ ಎಂದೂ ಅಲ್ಲ. ಕಣ್ಣೊಳಗೆ ಎಷ್ಟು ಉಳಿದಿದೆ ಎಂದು. ತೊಂಬತ್ತು ಸಾವಿರ ಎಂದರೆ ಮುಖ ಅರಳುತ್ತದೆ. ಐವತ್ತು ಎಂದರೆ ಅವಲಕ್ಕಿಯನ್ನು ಅರ್ಧಕ್ಕೇ ಬಿಟ್ಟು, ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಚಪ್ಪಲಿ ಮೆಟ್ಟುತ್ತಾರೆ. ತಿಳಿಸುವುದಿಲ್ಲ.

ಈ ಎಣಿಕೆಯನ್ನು ಊರಿಗೆ ತಂದವಳು ಶಾಕಾಂಬರಿ. ಅದೇ ಊರಿನ ನೇಕಾರರ ಓಣಿಯಲ್ಲಿ ಹುಟ್ಟಿ, ಧಾರವಾಡದ ಒಂದು ಕಣ್ಣಿನ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿ, ನಲವತ್ತಾರನೆಯ ವಯಸ್ಸಿನಲ್ಲಿ ಎಣಿಕೆಗನ್ನಡಿಯೊಂದಿಗೆ ತವರಿಗೆ ಮರಳಿದ್ದಳು. ಕನ್ನಡಿ ಎಂದು ಕರೆದವರು ಊರಿನವರು. ಅದೊಂದು ಯಂತ್ರ. ಗಲ್ಲವನ್ನು ಆನಿಸಿ, ಒಳಗಿನ ಹಸಿರು ಚುಕ್ಕೆಯನ್ನು ನೋಡುತ್ತ ಐದು ನಿಮಿಷ ಕುಳಿತರೆ ಸಾಕು. ಕಣ್ಣಿನ ಹಿಂಪರದೆಯ ನಟ್ಟನಡುವೆ ಸಾಸಿವೆಕಾಳಿಗಿಂತ ಚಿಕ್ಕ ಜಾಗವೊಂದಿದೆ. ಓದುವುದು, ಸೂಜಿ ಪೋಣಿಸುವುದು, ಮುಖ ಗುರುತಿಸುವುದು ಎಲ್ಲವೂ ಅಲ್ಲಿನ ಶಂಕುಕೋಶಗಳ ಕೆಲಸ. ಯಂತ್ರ ಅವನ್ನು ಒಂದೊಂದಾಗಿ ಎಣಿಸಿ ಅಂಕಿ ಹೇಳುತ್ತದೆ. ಗಟ್ಟಿ ಕಣ್ಣಿನಲ್ಲಿ ಲಕ್ಷದ ಆಸುಪಾಸು ಇರುತ್ತವೆ. ಅರವತ್ತು ಸಾವಿರಕ್ಕಿಂತ ಕೆಳಗಿಳಿದರೆ ಮಗ್ಗದ ಎಳೆ ಕಾಣುವುದಿಲ್ಲ. ಮೂವತ್ತಕ್ಕಿಂತ ಕೆಳಗಿಳಿದರೆ ಯಾವ ಔಷಧವೂ ಹಿಡಿದು ನಿಲ್ಲಿಸಲಾರದು.

ಬಿಳೇದಿನ್ನಿಯವರಿಗೆ ಇರುಳುಗಣ್ಣು ಹೊಸದೇನಲ್ಲ. ಮೊಮ್ಮಗಳನ್ನು ಮಗನಿಗೆ, ಅಕ್ಕನ ಮಗಳನ್ನು ತಮ್ಮನಿಗೆ ಕೊಟ್ಟು ತಂದುಕೊಂಡು ಏಳು ತಲೆಮಾರು ಕಳೆದಿದ್ದವು. ಎಳೆ ಹರಿದರೆ ಅದೇ ಬಣ್ಣದ ನೂಲಿನಿಂದ ಗಂಟು ಹಾಕಬೇಕು ಎಂಬುದು ಅಲ್ಲಿನ ಹಿರಿಯರ ಮಾತು, ಮದುವೆಗೂ ಅದೇ ಲೆಕ್ಕ. ರಕ್ತದಲ್ಲಿದ್ದ ದೋಷ ಊರು ಬಿಟ್ಟು ಹೋಗುವುದಾದರೂ ಹೇಗೆ? ಸಂಜೆಯಾದರೆ ಅರ್ಧ ಓಣಿ ಗೋಡೆ ಹಿಡಿದು ನಡೆಯುತ್ತಿತ್ತು. ವಯಸ್ಸು ಇಪ್ಪತ್ತು ದಾಟುವುದರೊಳಗೆ ಮಗ್ಗ ಬಿಡುವುದು, ನಲವತ್ತರ ಹೊತ್ತಿಗೆ ಹಗಲೂ ಕತ್ತಲಾಗುವುದು ಅಲ್ಲಿನ ಹಣೆಬರಹವಾಗಿತ್ತು.

ಶಾಕಾಂಬರಿ ಆ ಹಣೆಬರಹವನ್ನು ಇಪ್ಪತ್ತು ವರ್ಷ ಓದಿದ್ದಳು. ಕಣ್ಣಿನಲ್ಲಿ ಎರಡು ಬಗೆಯ ಕೋಶಗಳಿವೆ. ಮಬ್ಬುಗತ್ತಲೆಯಲ್ಲಿ ನೋಡುವವು ದಂಡಕೋಶಗಳು, ಬೆಳಕಿನಲ್ಲಿ ಬಣ್ಣ ಮತ್ತು ಸೂಕ್ಷ್ಮ ನೋಡುವವು ಶಂಕುಕೋಶಗಳು. ರೋಗ ಇರುವುದು ದಂಡಕೋಶಗಳಿಗೆ ಮಾತ್ರ. ಶಂಕುಕೋಶಗಳದು ಏನೂ ತಪ್ಪಿಲ್ಲ. ಆದರೆ ದಂಡಕೋಶಗಳು ಬಕಾಸುರರು. ಕಣ್ಣಿಗೆ ಬರುವ ಆಮ್ಲಜನಕದ ಬಹುಪಾಲನ್ನು ಅವೇ ನುಂಗುತ್ತವೆ. ಅವು ಸತ್ತ ಮೇಲೂ ರಕ್ತ ಅಷ್ಟೇ ಆಮ್ಲಜನಕವನ್ನು ತಂದು ಸುರಿಯುತ್ತಲೇ ಇರುತ್ತದೆ. ಉಣ್ಣುವವರಿಲ್ಲದ ಆ ಆಮ್ಲಜನಕ ಶಂಕುಕೋಶಗಳನ್ನು ಕಬ್ಬಿಣಕ್ಕೆ ತುಕ್ಕು ಹಿಡಿದಂತೆ ತಿನ್ನುತ್ತದೆ. ಸತ್ತವರ ಪಾಲಿನ ಊಟ ಬದುಕಿರುವವರಿಗೆ ವಿಷವಾಗುತ್ತದೆ. ಕೆಲವು ವರ್ಷಗಳಲ್ಲಿ ರಕ್ತನಾಳಗಳು ತಾವಾಗಿಯೇ ಸೊರಗಿ ಆಮ್ಲಜನಕ ಹಿಡಿತಕ್ಕೆ ಬರುವುದೇನೋ ನಿಜ, ಆದರೆ ಅಷ್ಟರಲ್ಲಿ ಕಾಯಲು ಏನೂ ಉಳಿದಿರುವುದಿಲ್ಲ.

ಆ ಕೆಲವು ವರ್ಷಗಳನ್ನು ದಾಟಿಸುವುದೇ ಶಾಕಾಂಬರಿಯ ಔಷಧದ ಕೆಲಸ. ತುಕ್ಕನ್ನು ತಡೆಯುವ ಬಿಳಿಯ ಪುಡಿ. ಅವಳೂ ಅವಳ ಜೊತೆಯವರೂ ಹನ್ನೆರಡು ವರ್ಷ ತಿದ್ದಿ ತಿದ್ದಿ ಕಣ್ಣಿನ ಹಿಂಪರದೆಯವರೆಗೆ ಮುಟ್ಟುವಂತೆ ಮಾಡಿದ್ದ ಆ ಪುಡಿಯನ್ನು ಹೊರದೇಶದ ಕಂಪನಿಯೊಂದು ಪ್ಯಾಕೀಟು ಮಾಡಿ ಕಳಿಸುತ್ತಿತ್ತು. ದಿನಕ್ಕೊಂದು ಪ್ಯಾಕೀಟು, ನೀರಲ್ಲಿ ಕಲಸಿ ಕುಡಿಯಬೇಕು. ಅದರಲ್ಲಿ ಗಂಧಕವಿದ್ದುದರಿಂದ ಕೊಳೆತ ಮೊಟ್ಟೆಯ ನಾತ. ಈರುಳ್ಳಿ ಹೆಚ್ಚಿದರೂ ಇವತ್ತು ಶಿವನ ಸೋಮವಾರವಲ್ಲವೇ ಎಂದು ತಕರಾರು ತೆಗೆಯುವ ಓಣಿಯಲ್ಲಿ ಬೆಳಿಗ್ಗೆ ಎಂಟಕ್ಕೆಲ್ಲ ತತ್ತಿಯ ವಾಸನೆ! ಮೊದಮೊದಲು ಮುದುಕಿಯರು ಸೆರಗಿನಿಂದ ಮೂಗು ಮುಚ್ಚಿ ಶಿವಶಿವಾ ಎಂದರು. ಆಮೇಲೆ ತಾವೇ ಅದಕ್ಕೆ ತತ್ತಿನೀರು ಎಂದು ಹೆಸರಿಟ್ಟು ನಕ್ಕರು.

ಪ್ರಯೋಗಕ್ಕೆ ಸೇರಿದವರು ನೂರಾ ಎಂಬತ್ತು ಜನ. ಅವರಲ್ಲಿ ನೂರಾ ಅರವತ್ತೊಂಬತ್ತು ಜನ ಬಿಳೇದಿನ್ನಿಯ ಮನೆಗಳವರು, ಹನ್ನೊಂದು ಜನ ಊರು ಬಿಟ್ಟು ಬೇರೆಡೆ ಒಂಟಿಯಾಗಿದ್ದವರು. ಅರ್ಧ ಜನಕ್ಕೆ ನಿಜವಾದ ಔಷಧ, ಅರ್ಧ ಜನಕ್ಕೆ ಅದೇ ನಾತ ಬೆರೆಸಿದ ಬರೀ ಪುಡಿ. ಯಾರಿಗೆ ಯಾವುದು ಎಂಬುದು ಕಂಪನಿಯ ಗುಟ್ಟು. ಎರಡು ವರ್ಷ ಹೀಗೆ ನಡೆಸಿ, ಔಷಧ ಕುಡಿದವರ ಎಣಿಕೆ ನಿಂತು ಉಳಿದವರದು ಇಳಿದಿದ್ದರೆ ಗೆದ್ದಂತೆ. ಇದೆಲ್ಲವನ್ನೂ ಶಾಕಾಂಬರಿ ಚೌಡೇಶ್ವರಿ ಗುಡಿಯಲ್ಲಿ ಓಣಿಯವರನ್ನೆಲ್ಲ ಕೂಡಿಸಿ, ಒಂದಕ್ಷರ ಮುಚ್ಚಿಡದೆ ಹೇಳಿದ್ದಳು. ನಿಜ ಹೇಳಬೇಕು ಎಂಬುದು ನಿಯಮ, ಅವಳ ಸ್ವಭಾವವೂ ಹೌದು.

ಎರಡು ವರ್ಷದ ಕೊನೆಗೆ ಗುಟ್ಟು ಬಿಚ್ಚಿದ ದಿನ ಧಾರವಾಡದ ಕೇಂದ್ರದಲ್ಲಿ ಪೇಢೆ ತರಿಸಿಟ್ಟಿದ್ದರು. ಔಷಧದವರ ಗೆರೆ ನೀಲಿ, ಬರೀ ಪುಡಿಯವರದು ಕೆಂಪು. ಪರದೆಯ ಮೇಲೆ ಎರಡೂ ಕೂಡಿ ಒಂದೇ ಗೆರೆಯಾಗಿ ಇಳಿಜಾರಿನಲ್ಲಿ ಸಾಗಿದ್ದವು. ಪೇಢೆಯ ಡಬ್ಬಿಯನ್ನು ಯಾರೂ ಮುಟ್ಟಲಿಲ್ಲ.

ಕೇಂದ್ರದ ಮುಖ್ಯಸ್ಥರಾದ ಡಾಕ್ಟರ್ ವಾಮನಮೂರ್ತಿ ಮೈಸೂರಿನ ಕಡೆಯವರು, ಮೃದು ಮಾತಿನವರು. "ಬೇಜಾರು ಮಾಡ್ಕೋಬೇಡಿ ಶಾಕಾಂಬರಿ. ಇಲಿಯಲ್ಲಿ ಕೆಲಸ ಮಾಡಿದ್ದು ಮನುಷ್ಯರಲ್ಲಿ ಮಾಡ್ಲಿಲ್ಲ. ಇದೇ ಮೊದಲೇನಲ್ಲವಲ್ಲ" ಎಂದರು.

ಶಾಕಾಂಬರಿಗೆ ನಂಬಿಕೆಯಾಗಲಿಲ್ಲ. ಹಟಕ್ಕೆ ಬಿದ್ದು ಎರಡು ವರ್ಷದಿಂದ ಶೈತ್ಯಪೆಟ್ಟಿಗೆಯಲ್ಲಿ ಕೂಡಿಟ್ಟಿದ್ದ ರಕ್ತದ ಮಾದರಿಗಳನ್ನು ಹೊರತೆಗೆದಳು. ರಕ್ತದಲ್ಲಿ ಔಷಧ ಎಷ್ಟಿದೆ ಎಂದು ಮೊದಲೇ ನೋಡಿದರೆ ಗುಟ್ಟು ರಟ್ಟಾಗುತ್ತದೆಂದು ಅಲ್ಲಿಯವರೆಗೆ ಯಾರೂ ಅವನ್ನು ಮುಟ್ಟುವಂತಿರಲಿಲ್ಲ. ನಾಲ್ಕು ದಿನ ಕುಳಿತು ನೂರಾ ಎಂಬತ್ತು ಜನರ ರಕ್ತವನ್ನೂ ನೋಡಿದಳು.

ಔಷಧ ಪಡೆದ ಬಿಳೇದಿನ್ನಿಯವರ ರಕ್ತದಲ್ಲಿ ಇರಬೇಕಾದುದರ ಅರ್ಧ ಮಾತ್ರ ಇತ್ತು. ಔಷಧ ಪಡೆಯದ ಬಿಳೇದಿನ್ನಿಯವರ ರಕ್ತದಲ್ಲೂ ಅರ್ಧ ಇತ್ತು! ಪೂರ್ತಿ ಇದ್ದದ್ದು ಒಂಟಿಯಾಗಿದ್ದ ಹನ್ನೊಂದು ಜನರ ಪೈಕಿ ಆರು ಜನರಲ್ಲಿ. ಉಳಿದ ಐವರಲ್ಲಿ ಸೊನ್ನೆ. ಶಾಕಾಂಬರಿ ಆ ಆರು ಜನರ ಎಣಿಕೆ ತೆಗೆದು ನೋಡಿದಳು. ಹಾಸ್ಟೆಲಿನಲ್ಲಿದ್ದ ಹುಡುಗಿ, ಮದುವೆಯಾಗದ ಮೇಷ್ಟ್ರು, ಮಠದಲ್ಲಿ ಅಡಿಗೆ ಮಾಡಿಕೊಂಡಿದ್ದ ವಿಧುರ, ಹೀಗೆ ಆರು ಜನ. ಆರೂ ಜನರ ಎಣಿಕೆ ಎರಡು ವರ್ಷದ ಹಿಂದೆ ಎಷ್ಟಿತ್ತೋ ಅಷ್ಟೇ ಇತ್ತು. ಒಬ್ಬರದೂ ಇಳಿದಿರಲಿಲ್ಲ.

ಔಷಧ ಕೆಲಸ ಮಾಡಿತ್ತು. ಹಂಚಿಕೊಳ್ಳಲು ಮನೆಯಲ್ಲಿ ಮತ್ತೊಬ್ಬರಿಲ್ಲದವರ ಕಣ್ಣು ಉಳಿದಿತ್ತು. ಶಾಕಾಂಬರಿ ಕುರ್ಚಿಯಲ್ಲಿ ಕುಳಿತಲ್ಲೇ ಅತ್ತಳು. ಖುಷಿಗೋ ಸಂಕಟಕ್ಕೋ ಅವಳಿಗೇ ತಿಳಿಯಲಿಲ್ಲ. ಮರುದಿನ ಮೊದಲ ಬಸ್ಸು ಹಿಡಿದಳು.

ಅವಳ ಅಕ್ಕ ಕಾಶಿಬಾಯಿಯ ಮನೆ ನೇಕಾರರ ಓಣಿಯ ಮೊದಲನೆಯದು. ಕಾಶಿಬಾಯಿಯನ್ನು ಕೊಟ್ಟದ್ದು ಸೋದರಮಾವ ಮಲ್ಲಪ್ಪನಿಗೆ. ಮಲ್ಲಪ್ಪನ ಕಣ್ಣು ಹೋಗಿ ಹತ್ತು ವರ್ಷವಾಗಿತ್ತು. ಜಗುಲಿಯ ಮೇಲೆ ಕುಳಿತು ಕೈಯ ಅಂದಾಜಿನಿಂದಲೇ ಮಗ್ಗದ ನೂಲನ್ನು ಕಂಡಿಕೆಗೆ ಸುತ್ತುತ್ತಿದ್ದ. ಹೆಣ್ಣುಮಕ್ಕಳಿಬ್ಬರು. ದಾಕ್ಷಾಯಣಿಗೆ ಇಪ್ಪತ್ತೊಂದು, ಸುಗಂಧಾಗೆ ಹದಿನೇಳು. ರೋಗ ಇಬ್ಬರನ್ನೂ ಬಿಟ್ಟಿರಲಿಲ್ಲ. ದಾಕ್ಷಾಯಣಿಯನ್ನು ನೋಡಿ ಅವಲಕ್ಕಿ ಅರ್ಧಕ್ಕೆ ಬಿಟ್ಟು ಎದ್ದವರು ಆಗಲೇ ಮೂರು ಮನೆಯವರು.

ಶಾಕಾಂಬರಿ ಹೊಸ್ತಿಲು ದಾಟುವಾಗ ಅಂಗಳದಲ್ಲಿ ಹತ್ತಿಪ್ಪತ್ತು ಹೆಂಗಸರು ತಂಬಿಗೆ ಹಿಡಿದು ಕುಳಿತಿದ್ದರು. ನಡುವೆ ತಾಮ್ರದ ದೊಡ್ಡ ಹಂಡೆ. ಒಬ್ಬೊಬ್ಬರೂ ತಮ್ಮ ಮನೆಯಲ್ಲಿ ಉಳಿದಿದ್ದ ಪ್ಯಾಕೀಟುಗಳನ್ನು ಹರಿದು ಹಂಡೆಗೆ ಸುರಿಯುತ್ತಿದ್ದರು. ಕಾಶಿಬಾಯಿ ಮೂಗಿಗೆ ಸೆರಗು ಕಟ್ಟಿಕೊಂಡು ಸೌಟಿನಿಂದ ತಿರುವುತ್ತಿದ್ದಳು.

"ಅಕ್ಕಾ, ಇದೇನ ಮಾಡಾಕತ್ತೀ?"

"ಕಾಣವಲ್ದೇನು? ತತ್ತಿನೀರು ಕಲಸಾಕತ್ತೀನಿ. ಕುಂಡ್ರು, ಚಾ ಮಾಡ್ತಾಳ ದಾಕ್ಷು."

"ಎಲ್ಲಾರದೂ ಒಂದರಾಗ ಹಾಕೀರಲ್ಲ!"

"ಮೊದಲನೇ ದಿನದಿಂದ ಹಿಂಗ ಐತಿ. ಇವತ್ತೇನ ಹೊಸಾದು?"

ಶಾಕಾಂಬರಿ ಜಗುಲಿಯ ಮೇಲೆ ಕುಸಿದು ಕುಳಿತಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ರತಿ ತಿಂಗಳೂ ನರ್ಸು ಬಂದು "ಪ್ಯಾಕೀಟು ದಿನಾ ಖಾಲಿ ಮಾಡಿದ್ರೇನ್ರಿ?" ಎಂದು ಕೇಳಿದಾಗ ಎಲ್ಲರೂ ಹೂಂ ಎಂದಿದ್ದರು. ಖಾಲಿ ಪ್ಯಾಕೀಟುಗಳನ್ನು ಮಡಚಿ, ದಾರ ಕಟ್ಟಿ, ಒಂದೂ ತಪ್ಪದಂತೆ ಮರಳಿಸಿದ್ದರು. ಯಾರೂ ಒಂದು ಸುಳ್ಳು ಹೇಳಿರಲಿಲ್ಲ.

"ನನಗ ಒಂದ್ ಮಾತು ಕೇಳಬೇಕಿತ್ತಲ್ಲ ಅಕ್ಕಾ."

"ಏನಂತ ಕೇಳ್ಲಿ?" ಕಾಶಿಬಾಯಿ ಸೌಟು ಕೆಳಗಿಟ್ಟಳು. "ಗುಡಿಯಾಗ ನಿಂತು ನೀನ ಹೇಳಿದಿ. ಅರ್ಧ ಮಂದೀಗೆ ಔಷಧ, ಅರ್ಧ ಮಂದೀಗೆ ಬರೇ ಪುಡಿ, ಯಾರದು ಯಾವುದು ನನಗೂ ಗೊತ್ತಿಲ್ಲ ಅಂತ. ದಾಕ್ಷೂಗೊಂದು ಡಬ್ಬಿ ಕೊಟ್ಟಿ, ಸುಗಂಧಾಗೊಂದು ಡಬ್ಬಿ ಕೊಟ್ಟಿ. ಒಂದರಾಗ ಕಣ್ಣು, ಒಂದರಾಗ ಮಣ್ಣು. ಒಂದ ಹೊಟ್ಟ್ಯಾಗ ಹುಟ್ಟಿದ ಮಕ್ಕಳಿಗೆ ಒಂದ ಕಣ್ಣಿಗೆ ಬೆಣ್ಣಿ, ಒಂದ ಕಣ್ಣಿಗೆ ಸುಣ್ಣ ಹಚ್ಚಲೇನು? ಕೂಡೇ ಕಲಸಿದ್ರ ಎಲ್ಲಾರಿಗೂ ಅಷ್ಟಷ್ಟು ಮುಟ್ಟತೈತಿ ಅಂದೆ. ಓಣ್ಯಾಗಿನವರಿಗೂ ಅದ ಖರೇ ಅನಿಸ್ತು. ಪಂಕ್ತ್ಯಾಗ ಕುಂತವರಿಗೆ ಭೇದ ಮಾಡಿದ್ರ ಪಾಪ ಸುತ್ತತೈತಿ ತಂಗಿ, ನಮ್ಮವ್ವ ಹೇಳಿಕೊಡಲಿಲ್ಲೇನು ನಿನಗ?"

ಹೇಳಿಕೊಟ್ಟಿದ್ದಳು. ಒಂದು ಜ್ವರದ ಗುಳಿಗೆಯನ್ನು ಅವ್ವ ಹಲ್ಲಿನಿಂದ ಎರಡು ತುಂಡು ಮಾಡಿ ಅರ್ಧವನ್ನು ಕಾಶಿಗೆ, ಅರ್ಧವನ್ನು ಶಾಕಾಂಬರಿಗೆ ಕೊಡುತ್ತಿದ್ದ ಮನೆ ಇದೇ. ದೊಡ್ಡ ದೊಡ್ಡ ಊರಿನ ಲೆಕ್ಕಿಗರು ಒಬ್ಬೊಬ್ಬ ರೋಗಿಗೂ ಬೇರೆ ಬೇರೆ ಡಬ್ಬಿ ಎಂದು ಪ್ರಯೋಗದ ಯೋಜನೆ ಬರೆದಾಗ, ಇಡೀ ಓಣಿಗೆ ಒಂದೇ ತರಹದ ಡಬ್ಬಿ ಕೊಡಿ, ಅಲ್ಲಿ ಯಾರೂ ಬೇರೆ ತಿನ್ನುವುದಿಲ್ಲ ಎಂದು ಹೇಳಬಹುದಾಗಿದ್ದವಳು ಇಡೀ ಸಭೆಯಲ್ಲಿ ಅವಳೊಬ್ಬಳೇ. ಹೇಳಲಿಲ್ಲ. ಹೊಳೆಯಲೇ ಇಲ್ಲ. ತಾನು ಬೆಳೆದ ಮನೆಯನ್ನು ಮರೆತು ವಿಜ್ಞಾನಿಯಾಗಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಅಕ್ಕನ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

"ಅಕ್ಕಾ, ಹಾಲಿಗೆ ಹೆಪ್ಪು ಕಮ್ಮಿ ಹಾಕಿದ್ರ ಏನಾಕ್ಕೈತಿ? ಅರ್ಧ ಮೊಸರು ಆಕ್ಕೈತೇನು?"

"ಹೆಂಗಾಕ್ಕೈತಿ? ಹಾಲು ಕೆಡತೈತಿ."

"ಇದೂ ಹಂಗ."

ಕಾಶಿಬಾಯಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವಳು ಹಂಡೆಯನ್ನೇ ನೋಡುತ್ತ ಕುಳಿತಳು. ಹೆಂಗಸರಲ್ಲಿ ಒಬ್ಬಳು ಬಾಯಿಗೆ ಸೆರಗು ಒತ್ತಿಕೊಂಡು ಎದ್ದು ಹೋದಳು. ಆ ದಿನ ಕಲಸಿದ ನೀರನ್ನು ಏನು ಮಾಡಬೇಕೆಂದು ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಚೆಲ್ಲಲು ಮನಸ್ಸು ಬಾರದೆ ಎಲ್ಲರೂ ತಮ್ಮ ತಮ್ಮ ತಂಬಿಗೆ ತುಂಬಿಸಿಕೊಂಡು ಹೋದರು.

ಧಾರವಾಡಕ್ಕೆ ಮರಳಿ ಶಾಕಾಂಬರಿ ವಾಮನಮೂರ್ತಿಯವರ ಮುಂದೆ ರಕ್ತದ ಅಂಕಿಗಳನ್ನು ಹರಡಿದಳು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ನಾನು ನಂಬ್ತೀನಿ. ಆದರೆ ಕಂಪನಿ ನಂಬೋದು ಹೇಗೆ? ಆರು ಜನ ಅಂದ್ರೆ ಅದೃಷ್ಟ ಅಂತಾರೆ."

"ಮತ್ತೊಮ್ಮೆ ಮಾಡೋಣ ಸರ್. ಈ ಸಲ ಒಂದು ಓಣಿಗೆ ಒಂದೇ ತರಹ ಕೊಡೋಣ."

"ಯಾರನ್ನ ಇಟ್ಕೊಂಡು ಮಾಡ್ತೀರಿ? ಇನ್ನೊಂದು ಪ್ರಯೋಗಕ್ಕೆ ಒಪ್ಪಿಗೆ ಸಿಕ್ಕೋದಕ್ಕೇ ಮೂರು ವರ್ಷ ಬೇಕು. ಅಷ್ಟರಲ್ಲಿ ಇವರಲ್ಲಿ ಎಷ್ಟು ಜನದ ಎಣಿಕೆ ಮೂವತ್ತರ ಮೇಲಿರುತ್ತೆ, ನೀವೇ ಹೇಳಿ."

ಶಾಕಾಂಬರಿಗೆ ಆ ಲೆಕ್ಕ ಬಾಯಿಪಾಠವಿತ್ತು. ನಾಲ್ಕು ಜನ. ಆದರೂ ಪತ್ರ ಬರೆದಳು, ರಕ್ತದ ಅಂಕಿಗಳನ್ನು ಲಗತ್ತಿಸಿದಳು. ಹದಿನೈದು ದಿನಕ್ಕೆ ಉತ್ತರ ಬಂತು. ರೋಗಿಗಳು ನಿಯಮ ಮುರಿದಿರುವುದರಿಂದ ಪ್ರಯೋಗವನ್ನು ಮುಚ್ಚಲಾಗಿದೆ, ಈ ಔಷಧದ ತಯಾರಿಕೆಯನ್ನು ನಿಲ್ಲಿಸಲಾಗಿದೆ, ಉಳಿದ ದಾಸ್ತಾನನ್ನು ಸುಟ್ಟು ವರದಿ ಕಳಿಸುವುದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ಬಾಯಿಗೂ ಬಂದಿತ್ತು, ಗಂಟಲಲ್ಲೂ ಇಳಿದಿತ್ತು.

ಗುಟ್ಟು ಬಿಚ್ಚಿದ ಮೇಲೆ ಯಾವ ಡಬ್ಬಿಯಲ್ಲಿ ನಿಜವಾದ ಔಷಧವಿದೆ ಎಂಬುದು ಅವಳಿಗೆ ಗೊತ್ತಿತ್ತು. ಕೇಂದ್ರದ ಉಗ್ರಾಣದಲ್ಲಿ ನಾನೂರು ಪ್ಯಾಕೀಟು ಉಳಿದಿದ್ದವು. ಅವಳು ಬರೀ ಪುಡಿಯನ್ನು ಸುಟ್ಟು ನಾನೂರನ್ನು ಬಟ್ಟೆಚೀಲಕ್ಕೆ ತುಂಬಿಕೊಂಡಳು. ಜೀವಮಾನದಲ್ಲಿ ಮಾಡಿದ ಮೊದಲ ಕಳ್ಳತನ. ನಾನೂರು ಪ್ಯಾಕೀಟು ಎಂದರೆ ಒಬ್ಬರಿಗೆ ಹದಿಮೂರು ತಿಂಗಳು.

ಅಕ್ಕನ ಮಕ್ಕಳ ಎಣಿಕೆ ಅವಳಿಗೆ ನಿದ್ದೆಯಲ್ಲೂ ಗೊತ್ತು. ದಾಕ್ಷಾಯಣಿಯದು ಮೂವತ್ನಾಲ್ಕು ಸಾವಿರ, ಸುಗಂಧಾಳದು ಐವತ್ತೆಂಟು. ಸುಗಂಧಾಳ ರಕ್ತನಾಳಗಳು ಆಗಲೇ ಸೊರಗತೊಡಗಿದ್ದವು. ಹದಿಮೂರು ತಿಂಗಳು ತುಂಬು ಪಾಲು ಕುಡಿದರೆ ಆಮ್ಲಜನಕದ ಅಪಾಯದ ಗಡಿ ದಾಟುವ ಸಾಧ್ಯತೆ ಇತ್ತು. ದಾಕ್ಷಾಯಣಿಯ ನಾಳಗಳು ಇನ್ನೂ ಸೊರಗಿರಲಿಲ್ಲ, ಅವಳಿಗೆ ತುಂಬು ಪಾಲು ಕೊಟ್ಟರೂ ಆ ಗಡಿ ಬಹಳ ದೂರ. ಇಬ್ಬರಿಗೂ ಹಂಚಿದರೆ ಇಬ್ಬರಿಗೂ ಇಲ್ಲ.

ಇದನ್ನು ಅವಳು ಅಕ್ಕನ ಮನೆಯ ಪಡಸಾಲೆಯಲ್ಲಿ ಎಲ್ಲರೆದುರೇ ಹೇಳಿದಳು. ಮುಚ್ಚಿಡುವುದು ಆಗಲೂ ಅವಳಿಗೆ ಬರಲಿಲ್ಲ. ಹೇಳಿ ಮುಗಿಸಿದ ಮೇಲೆ ಮಲ್ಲಪ್ಪನ ಕೈಯಲ್ಲಿದ್ದ ಕಂಡಿಕೆ ನಿಂತಿತು.

ಮೊದಲು ಬಾಯಿಬಿಟ್ಟವಳು ದಾಕ್ಷಾಯಣಿ. "ಇದರಾಗ ಕೇಳೂದೇನೈತಿ ಚಿಗವ್ವಾ? ಸುಗಂಧಾಗ ಕೊಡ್ರಿ. ನನ್ನ ಕೈಗೆ ಕೆಲಸ ಕಲಿಸಾಕ ಅಪ್ಪ ಅದಾನ."

"ನಂಗ ಬ್ಯಾಡ" ಎಂದು ಸುಗಂಧಾ ಗೋಡೆ ಕಡೆ ಮುಖ ತಿರುಗಿಸಿದಳು.

"ಸುಮ್ಮಿರ! ಚಲೋ ಆತು ನಿಂದು. ನೀ ಕಂಡ್ರ ನನ್ನ ಕೈ ಹಿಡಿದು ನಡಸ್ತೀ. ಇಬ್ಬರೂ ಕುರುಡಾದ್ರ ಗಟಾರದಾಗ ಬೀಳೂನೇನು?" ದಾಕ್ಷಾಯಣಿ ನಗಿಸಲು ನೋಡಿದಳು. ಯಾರೂ ನಗಲಿಲ್ಲ.

ಕಾಶಿಬಾಯಿ ಎರಡು ದಿನ ಆ ಬಟ್ಟೆಚೀಲವನ್ನು ಮುಟ್ಟಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಒಂದೇ ಲೋಟ ತೆಗೆದುಕೊಂಡು, ಒಂದೇ ಪ್ಯಾಕೀಟು ಹರಿದು, ದಾಕ್ಷಾಯಣಿಗೆ ಬೆನ್ನು ಮಾಡಿ ಕುಳಿತು ಕಲಸಿದಳು. ಸ್ವಲ್ಪ ನೆಲಕ್ಕೆ ಚೆಲ್ಲಿತು. ಚೆಲ್ಲಿದ್ದನ್ನು ನೋಡಿ ಅವಳು ಹಣೆ ಚಚ್ಚಿಕೊಂಡಳು. ಆ ಸದ್ದು ಕೇಳಿ ಮಲ್ಲಪ್ಪ ಜಗುಲಿಯಿಂದಲೇ ಅಂದ: "ನನಗ ಇದು ಕಾಣೂದಿಲ್ಲಲ್ಲ ಅಂತ ಇವತ್ತ ದೇವರಿಗೆ ಕೈ ಮುಗಿದೆ ಶಾಕವ್ವಾ."

ಆ ದಿನದಿಂದ ಕಾಶಿಬಾಯಿ ದೊಡ್ಡ ಮಗಳ ಮುಖ ನೋಡಿ ಮಾತಾಡುವುದನ್ನು ಬಿಟ್ಟಳು. ಅವಳ ತಟ್ಟೆಗೆ ರೊಟ್ಟಿಯ ಜೊತೆ ಒಂದು ಹಿಡಿ ಬೆಣ್ಣೆ ಹೆಚ್ಚು ಹಾಕುವಳು, ತಲೆಗೆ ಎಣ್ಣೆ ಹಚ್ಚುವಳು, ಆದರೆ ಮುಖ ನೋಡಳು. ಫೋನಿನಲ್ಲಿ ತಂಗಿಯೊಂದಿಗೆ ಮಾತಾಡುವಾಗ ಪ್ರತಿ ಸಲವೂ ಅದೇ ಮಾತು. "ಒಂದು ಮಗಳ ಕಣ್ಣು ಕಿತ್ತು ಒಂದು ಮಗಳಿಗೆ ಇಟ್ಟೆ. ನನಗ ಯಾವ ನರಕದಾಗೂ ಜಾಗ ಇಲ್ಲ." ಶಾಕಾಂಬರಿ ಹೇಳುವಳು, "ಒಂದರ ಉಳೀಲಿ ಅಕ್ಕಾ. ಒಂದರ." ಒಂದಾದರೂ ಉಳಿದರೆ ತನ್ನ ಇಪ್ಪತ್ತು ವರ್ಷವೂ ಉಳಿದಂತೆ ಎಂದು ಅವಳಿಗೆ ಅನಿಸುತ್ತಿತ್ತು. ಓಣಿಯಲ್ಲಿ ಉಳಿದ ಮನೆಗಳವರ ಕಣ್ಣು ಮಬ್ಬಾಗುತ್ತಲೇ ಇತ್ತು. ಅವರೆದುರು ತಲೆ ಎತ್ತಿ ನಡೆಯಲಾಗದೆ ಅವಳು ಊರಿಗೆ ಬರುವುದನ್ನೇ ಬಿಟ್ಟಳು.

ಪ್ರಯೋಗ ಮುಚ್ಚಿದ ಮೇಲೆ ಎಣಿಕೆಗನ್ನಡಿಯನ್ನು ಬಿಚ್ಚಿ ಪೆಟ್ಟಿಗೆಗೆ ತುಂಬಿದ್ದರು. ವಾಮನಮೂರ್ತಿಯವರ ಹಿಂದೆ ಬಿದ್ದು, ಅದನ್ನು ಮತ್ತೆ ಜೋಡಿಸಿ, ಒಂದು ಮಧ್ಯಾಹ್ನದ ಮಟ್ಟಿಗೆ ಬಳಸಲು ಅನುಮತಿ ಸಿಗುವಷ್ಟರಲ್ಲಿ ಏಳು ತಿಂಗಳು ಕಳೆದಿದ್ದವು. ಕಾಶಿಬಾಯಿ ಮಕ್ಕಳಿಬ್ಬರನ್ನೂ ಕರೆದುಕೊಂಡು ಧಾರವಾಡಕ್ಕೆ ಬಂದಳು. ಕೋಣೆಯ ಹೊರಗಿನ ಬೆಂಚಿನ ಮೇಲೆ ಅವಳನ್ನು ಕೂರಿಸಿ ಶಾಕಾಂಬರಿ ಹುಡುಗಿಯರನ್ನು ಒಳಗೆ ಕರೆದೊಯ್ದಳು.

ಮೊದಲು ಸುಗಂಧಾ ಗಲ್ಲ ಆನಿಸಿ ಕುಳಿತಳು. ಪರದೆಯ ಮೇಲೆ ಅಂಕಿ ಮೂಡಿತು. ಮೂವತ್ತೊಂಬತ್ತು ಸಾವಿರದ ಇನ್ನೂರು.

ಶಾಕಾಂಬರಿ ಯಂತ್ರ ಕೆಟ್ಟಿದೆ ಎಂದುಕೊಂಡಳು. ಮಸೂರ ಒರೆಸಿ ಮತ್ತೆ ಎಣಿಸಿದಳು. ಮೂವತ್ತೊಂಬತ್ತು ಸಾವಿರದ ನೂರಾ ಎಂಬತ್ತು. ತನ್ನ ಕಣ್ಣನ್ನೇ ಇಟ್ಟು ನೋಡಿದಳು. ಒಂದು ಲಕ್ಷದ ಮೂರು ಸಾವಿರ. ಯಂತ್ರ ಸರಿಯಾಗಿತ್ತು.

"ದಿನಾ ಕುಡದೀಯಿಲ್ಲೋ?"

"ಕುಡದೀನಿ ಚಿಗವ್ವಾ."

"ಪೂರ್ತಿ?"

ಸುಗಂಧಾ ಅಕ್ಕನ ಕಡೆ ನೋಡಿದಳು. ದಾಕ್ಷಾಯಣಿ ನೆಲ ನೋಡುತ್ತಿದ್ದಳು. ಅವಳಿಗೆ ಆ ನೆಲವೂ ಅಷ್ಟಕ್ಕಷ್ಟೇ ಕಾಣುತ್ತಿತ್ತು.

"ಅವ್ವ ಲೋಟ ಕೊಟ್ಟ ಕೂಡ್ಲೇ ನಾತ ಹೊಡಿತೈತಿ ಅಂತ ಹಿತ್ತಲಕ್ಕ ಒಯ್ತಿದ್ದೆ" ಎಂದಳು ಸುಗಂಧಾ, ತಪ್ಪು ಒಪ್ಪುವವಳಂತಲ್ಲ, ಇದ್ದದ್ದನ್ನು ಹೇಳುವವಳಂತೆ. "ಅಲ್ಲಿ ಅಕ್ಕ ಭಾಂಡೆ ತಿಕ್ಕತಿರ್ತಾಳ. ಅಕಿಗೆ ಅರ್ಧ ಕೊಟ್ಟು ನಾ ಅರ್ಧ ಕುಡೀತಿದ್ದೆ. ಅಕಿ ಬ್ಯಾಡಂದ್ಲು. ನೀ ಕುಡೀಲಿಲ್ಲಂದ್ರ ಪೂರಾ ಚೆಲ್ತೀನಿ ಅಂದೆ."

"ಖರೇನ ಚೆಲ್ಲಿಬಿಟ್ಲು ಚಿಗವ್ವಾ, ಮೊದಲ ಎರಡು ದಿನ" ಎಂದಳು ದಾಕ್ಷಾಯಣಿ. "ಇಕಿ ಹಟ ನಿಮಗ ಗೊತ್ತೈತೆಲ್ಲ. ಅರ್ಧಾನರ ಇಕಿ ಹೊಟ್ಟಿಗೆ ಹೋಗ್ಲಿ ಅಂತ ಕುಡದೆ."

"ಅರ್ಧಕ್ಕ ಏನೂ ಆಗೂದಿಲ್ಲಂತ ನಾ ಹೇಳಿದ್ದಿಲ್ಲೇನು? ನಿಮ್ಮ ಮುಂದ ಕುಂತು ಹೇಳಿದ್ದಿಲ್ಲೇನು?" ಶಾಕಾಂಬರಿಯ ದನಿ ಏರಿತು.

"ಹೇಳಿದ್ರಿ" ಎಂದಳು ಸುಗಂಧಾ. "ಆದ್ರ ದಿನಾ ಮುಂಜಾನಿ ಅಕಿ ಮುಂದ ನಿಂತು ನಾ ಒಬ್ಬಾಕಿ ಹೆಂಗ ಕುಡೀಲಿ? ನೀವಾಗಿದ್ರ ಕುಡೀತಿದ್ರೇನು, ನಮ್ಮವ್ವನ ಮುಂದ?"

ಶಾಕಾಂಬರಿ ಮಸೂರ ಒರೆಸಿ ದಾಕ್ಷಾಯಣಿಯ ಎಣಿಕೆಯನ್ನೂ ತೆಗೆದಳು. ಇಪ್ಪತ್ತೆರಡು ಸಾವಿರ. ಮನೆಯಲ್ಲಿ ಇನ್ನು ಉಳಿದಿರುವುದು ನೂರಾ ತೊಂಬತ್ತು ಪ್ಯಾಕೀಟು, ಒಬ್ಬಳಿಗೆ ಆರು ತಿಂಗಳಿಗೂ ಸ್ವಲ್ಪ ಮೇಲೆ. ಈ ಏಳು ತಿಂಗಳಲ್ಲಿ ಸತ್ತ ಕೋಶಗಳ ಪಾಲಿನ ಆಮ್ಲಜನಕವೂ ಸೇರಿಕೊಂಡಿದ್ದರಿಂದ ಸುಗಂಧಾಳನ್ನು ಗಡಿ ದಾಟಿಸಲು ಈಗ ವರ್ಷಕ್ಕೂ ಹೆಚ್ಚು ಬೇಕು. ಎಲ್ಲಿಂದ ತರುವುದು? ಆ ಔಷಧವನ್ನು ಜಗತ್ತಿನಲ್ಲಿ ಈಗ ಯಾರೂ ತಯಾರಿಸುತ್ತಿರಲಿಲ್ಲ. ಮೂರು ಸಲ ಲೆಕ್ಕ ಹಾಕಿದಳು. ಲೆಕ್ಕ ಬದಲಾಗಲಿಲ್ಲ.

ಅವಳು ಹೊರಗೆ ಬಂದಾಗ ಕಾಶಿಬಾಯಿ ಬೆಂಚಿನಿಂದ ಎದ್ದು ನಿಂತಳು. ಏಳು ತಿಂಗಳಲ್ಲಿ ಮೈ ಇಳಿದು ಕುಪ್ಪಸ ಜೋಲುತ್ತಿತ್ತು. ಅವಳು ಸುಗಂಧಾಳ ಬಗ್ಗೆ ಮೊದಲು ಕೇಳಲಿಲ್ಲ.

"ದಾಕ್ಷೂಂದು ಎಷ್ಟೈತಿ? ಖರೇ ಹೇಳು. ಅಕಿ ಕಣ್ಣು ನಾನ ಕಳದೀನಿ. ಎಷ್ಟ ಕಳದೀನಿ ಅಂತ ನನಗ ಗೊತ್ತಾಗಬೇಕು."

"ನೀ ಕಳದಿಲ್ಲ ಅಕ್ಕಾ" ಎಂದಳು ಶಾಕಾಂಬರಿ. "ಅಕಿಗೂ ಅರ್ಧ ಮುಟ್ಟೈತಿ. ಹಿತ್ತಲದಾಗ ಸುಗಂಧಾ ದಿನಾ ಅಕಿಗೆ ಅರ್ಧ ಕುಡಿಸ್ಯಾಳ."

"ಏನಂದಿ?"

"ಇಬ್ಬರೂ ಕೂಡೇ ಕುಡದಾರ. ಏಳೂ ತಿಂಗಳು."

ಕಾಶಿಬಾಯಿಯ ಬಾಯಿ ತೆರೆದುಕೊಂಡಿತು. ಆಮೇಲೆ ಅವಳ ಮುಖವೆಲ್ಲ ಬೆಳಗಿತು. ತಂಗಿಯ ಎರಡೂ ಕೈಗಳನ್ನು ಹಿಡಿದುಕೊಂಡು, ಅಳುತ್ತ, ನಗುತ್ತ, "ಹೌದೇನು? ಹೌದೇನ ಶಾಕೂ? ನನ್ನ ಕಣ್ಣು ತಪ್ಪಿಸಿ ಹಂಚಿಕೊಂಡು ಕುಡದಾವೇನು? ನನ್ನ ಬಂಗಾರದಂಥ ಮಕ್ಕಳ! ನಾ ಕೆಟ್ಟಾಕಿ ಆದೆ, ಅವು ಆಗಲಿಲ್ಲ ನೋಡು" ಎಂದಳು. ಬಾಗಿಲ ಕಡೆ ತಿರುಗಿ, "ದಾಕ್ಷೂ, ಯವ್ವಾ, ಹೊರಗ ಬಾ, ನಿನ್ನ ಮಾರಿ ನೋಡತೀನಿ" ಎಂದು ಕೂಗಿದಳು. ಏಳು ತಿಂಗಳಲ್ಲಿ ಮೊದಲ ಸಲ ಅವಳು ಮನಸಾರೆ ನಗುತ್ತಿದ್ದಳು.

ಶಾಕಾಂಬರಿ ಆ ನಗೆ ಮುಗಿಯಲಿ ಎಂದು ಕಾದಳು. ಅದು ಬೇಗ ಮುಗಿಯಲಿಲ್ಲ. ಮುಗಿದ ಮೇಲೆ ಅಕ್ಕನನ್ನು ಮತ್ತೆ ಬೆಂಚಿನ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕುಳಿತು, ಸುಗಂಧಾಳ ಎಣಿಕೆ ಎಷ್ಟೆಂದು ಹೇಳಿದಳು.